ಮನೆಗೆ ಆರಿಸಿಟ್ಟ ಕಾಯಿ

"ನಿಮ್ಮಕ್ಕನ ಮಾತು ಕಟ್ಕಂಡು ಕೂಸ್ನ ಸಾಯ್ಸಕ್ಕೆ ನಿಂತಿದ್ದೀಯೇನಮ್ಮಿ?"

ಪುಟ್ಟತಾಯಮ್ಮ ಈ ಮಾತನ್ನು ಮನೆಯೊಳಗೆ ಆಡಲಿಲ್ಲ. ಬೀದಿಯ ಬೋರ್‌ವೆಲ್ ಪಂಪಿನ ಹತ್ತಿರ, ನೀರಿಗೆ ಬಂದ ಹೆಂಗಸರೆಲ್ಲ ಕೇಳುವ ಹಾಗೆ ಆಡಿದರು. ಪಂಪು ಒತ್ತುತ್ತಿದ್ದ ಸೊಸೆ ಯಶೋದಳ ಕೈ ನಿಂತುಹೋಯಿತು. ಅವಳು ತುಂಬದ ಕೊಡವನ್ನೇ ಸೊಂಟಕ್ಕೇರಿಸಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು. ಅಳು ಬರಲಿಲ್ಲ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಮಾತ್ರ ಅವಳಿಗೆ ಇನ್ನೂ ತಿಳಿದಿರಲಿಲ್ಲ.

ನಾಗಮಂಗಲ ತಾಲ್ಲೂಕಿನ ದೇವಲಾಪುರದಿಂದ ಸ್ವಲ್ಪ ಒಳಗಿರುವ ಊರು ಇದು. ಕಾಲುವೆ ನೀರು ಇಲ್ಲಿಗೆ ಬರುವುದಿಲ್ಲ. ಮಳೆಯನ್ನು ನಂಬಿದ ಹೊಲಗಳು. ರಾಗಿ, ಹುರುಳಿ, ಕಡಲೆಕಾಯಿ. 1996ರಲ್ಲಿ ಕಡಲೆಕಾಯಿ ಚೆನ್ನಾಗಿಯೇ ಬಂದಿತ್ತು. ಆದರೆ ಗಿಡ ಕಿತ್ತು ಕಣಕ್ಕೆ ತಂದ ಮೇಲೆ ಜಡಿಮಳೆ ಹಿಡಿದು, ರಾಶಿಯ ತಳದ ಕಾಯಿ ನೆನೆದು ಕಪ್ಪಾಯಿತು.

ಯಶೋದಳ ಮಗಳು ಅನುಗೆ ಮೂರು ವರ್ಷ ತುಂಬುತ್ತ ಬಂದಿತ್ತು. ನೋಡಿದವರು ಎರಡು ಎನ್ನುತ್ತಿದ್ದರು. ತೋಳು ಕಡ್ಡಿಯ ಹಾಗಿತ್ತು. ಪಕ್ಕದ ಮನೆಯ ಚಿಕ್ಕ ಮಗು ತಳ್ಳಿದರೆ ಬಿದ್ದು, ಎದ್ದು ಓಡಿಸಿಕೊಂಡು ಹೋಗುವ ಬದಲು ಬಿದ್ದಲ್ಲೇ ಕೂತಿರುತ್ತಿದ್ದಳು. ಅಪ್ಪ ನಿಂಗರಾಜು ನಾಗಮಂಗಲದಿಂದ 'ಶಕ್ತಿಯ ಪುಡಿ'ಯ ಡಬ್ಬ ತಂದಿದ್ದ. ಬೇಗ ಮುಗಿಯಬಾರದೆಂದು ಅಜ್ಜಿ ಅದನ್ನು ಒಂದು ಲೋಟ ನೀರಿಗೆ ಚಿಟಿಕೆಯಷ್ಟೇ ಹಾಕುತ್ತಿದ್ದರು. ನೀರು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಮಗು ಮಾತ್ರ ಮೈ ತುಂಬಿಕೊಳ್ಳಲಿಲ್ಲ.

ಯಶೋದಳ ಅಕ್ಕ ಮಾಯಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಅಂಗನವಾಡಿ ನಡೆಸುತ್ತಿದ್ದಳು. ಹಿಂದಿನ ಸಲ ಬಂದಾಗ ಅನುವನ್ನು ಎತ್ತಿಕೊಂಡು ನೋಡಿ, "ಡಬ್ಬ ಬಿಡು. ಕಳ್ಳೆಬೀಜ ಹುರ್ದು ಬೆಣ್ಣೆ ಹಂಗೆ ಅರ್ದು ತಿನ್ಸು. ನಿಮ್ಮ ಹೊಲದಲ್ಲೇ ಬೆಳೀತೀರಲ್ಲ" ಎಂದು ಹೇಳಿ ಹೋಗಿದ್ದಳು. ಯಶೋದ ಹಾಗೆಯೇ ಮಾಡಿದಳು. ಮಗು ಮುಖ ಕಿವುಚಿಕೊಂಡು ತಿಂದಿತು. ಆಮೇಲೆ ವಾಂತಿ ಶುರುವಾಯಿತು. ಮತ್ತೆ ಮತ್ತೆ ಆಯಿತು. ಕಣ್ಣು ಗುಳಿಬಿದ್ದಾಗ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಡಾಕ್ಟರು ಉಪ್ಪು ಸಕ್ಕರೆ ನೀರು ಕುಡಿಸಿ, ಮಗುವಿಗೆ ಜೀವ ಬರುವ ತನಕ ಅಲ್ಲೇ ಇರಿಸಿಕೊಂಡರು.

ಅವತ್ತಿನಿಂದ ಪುಟ್ಟತಾಯಮ್ಮನವರ ಕಟ್ಟಪ್ಪಣೆಯಾಯಿತು. ಈ ಮನೆಯಲ್ಲಿ ಮಗುವಿನ ಬಾಯಿಗೆ ಕಡಲೆಕಾಯಿ ಬೀಳಕೂಡದು. ಹೇಳಿಕೊಟ್ಟ ಅಕ್ಕನೂ ಹೊಸಿಲು ತುಳಿಯಕೂಡದು.

ಇಂಥ ಸುದ್ದಿ ಬೂಕನಕೆರೆಗೆ ಹೋಗಲು ಎಷ್ಟು ಹೊತ್ತು? ಮಾಯಮ್ಮ ಬಸ್ಸು ಹತ್ತಿದಳು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿದಳು, ನಾಗಮಂಗಲದಲ್ಲಿ ಬದಲಿಸಿದಳು, ದೇವಲಾಪುರದಲ್ಲಿ ಇಳಿದು ಬಿಸಿಲಿನಲ್ಲಿ ನಡೆದಳು. ಬರುವಷ್ಟರಲ್ಲಿ ಅವಳ ಸಿಟ್ಟೂ ಚೆನ್ನಾಗಿ ಕಾದಿತ್ತು.

ಅನು ಅಜ್ಜಿಯ ತೊಡೆಯ ಮೇಲಿದ್ದಳು.

"ಬಾರಮ್ಮ ಡಾಕ್ಟ್ರು," ಅಂದರು ಪುಟ್ಟತಾಯಮ್ಮ. "ನಿನ್ನ ಔಷ್ದಿ ತಿನ್ಸಿ ಕೂಸು ಕಣ್ಣು ಮೇಲಕ್ಕೆ ಮಾಡ್ಕಂಡಿತ್ತು. ಇನ್ನೇನು ತಿನ್ಸಕ್ಕೆ ಬಂದಿದ್ದೀಯೆ?"

"ನಾನು ಹೇಳಿದ್ದು ಔಷ್ದಿ ಅಲ್ಲ ಅತ್ತೆ. ನೀವೇ ಬೆಳ್ದಿರೋ ಕಳ್ಳೆಕಾಯಿ."

"ಕಳ್ಳೆಕಾಯಿ ಪಿತ್ತ ಕಣಮ್ಮಿ. ನಮ್ಮತ್ತೆ ಕಾಲದಿಂದ್ಲೂ ಗೊತ್ತದೆ. ನಾಕು ಕಾಳು ಜಾಸ್ತಿ ಆದ್ರೆ ತಲೆಸುತ್ತು, ವಾಂತಿ. ಬಾಣ್ತೀರ್ಗೂ ಕೊಡಾಕಿಲ್ಲ, ಕೂಸ್ಗೂ ಕೊಡಾಕಿಲ್ಲ. ಇದೆಲ್ಲ ನಿಮ್ಮ ಟ್ರೈನಿಂಗಲ್ಲಿ ಏಳ್ಕೊಡಾಕಿಲ್ವಾ?"

"ನಮ್ಮ ಅಂಗನವಾಡಿಲಿ ಮಕ್ಕಳು ತಿಂತಾ ಅವ್ರೆ. ಒಂದು ಮಗೂನೂ ಕಕ್ಕಿಲ್ಲ."

"ನಿಮ್ಮೂರು ನೀರಾವರಿ ಊರು. ಅಲ್ಲಿ ಐಕ್ಳು ಕಲ್ಲು ತಿಂದ್ರೂ ಅರಗುಸ್ಕತ್ತವೆ."

ಯಶೋದಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಮಾಯಮ್ಮ ತಂಗಿಯ ಕಡೆ ತಿರುಗಿದಳು.

"ನೀನು ಹೆಂಗೆ ಮಾಡ್ದೆ? ಮೊದ್ಲಿಂದ ಹೇಳು."

"ನೀನು ಹೇಳ್ದಂಗೇ ಮಾಡ್ದೆ ಕಣಕ್ಕ. ಸಣ್ಣ ಉರೀಲಿ ಹುರ್ದೆ. ಸಿಪ್ಪೆ ಉಜ್ಜಿ ತೂರ್ದೆ. ಒಳ್ಳಲ್ಲಿ ನೀರು ಹಾಕ್ದೆ ಅರ್ದೆ. ಬೆಲ್ಲ ಬೆರ್ಸ್ದೆ."

"ಎಲ್ಲ ಸರಿಯಾಗೇ ಮಾಡಿದ್ದೀಯ. ಕಾಯಿ ಎಲ್ಲಿಂದ ತಗಂಡೆ?"

ಯಶೋದ ಅಡುಗೆಮನೆಯ ಮೂಲೆಗೆ ಕೈ ತೋರಿಸಿದಳು. "ಮನೆಕಾಯಿ. ಆ ವಾಡೇದು."

ವಾಡೆ ಎಂದರೆ ಧಾನ್ಯ ತುಂಬಿಡುವ ಎತ್ತರದ ಮಣ್ಣಿನ ಗುಡಾಣ. ಅದು ಈ ಭಾಗದವರಿಗೆಲ್ಲ ಗೊತ್ತು. 'ಮನೆಕಾಯಿ' ಎಂದರೆ ಏನೆಂಬುದೂ ಗೊತ್ತು, ಆದರೆ ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಕಣದಲ್ಲಿ ಹೆಂಗಸರು ಕಾಯಿ ಆರಿಸಲು ಕೂರುತ್ತಾರೆ. ಗಟ್ಟಿ ಕಾಳಿನ, ಬಿಳಿಯಾದ ಕಾಯಿ ಒಂದು ರಾಶಿ. ಅದರಲ್ಲಿ ಬಿತ್ತನೆಗೆ ಎತ್ತಿಟ್ಟು ಉಳಿದದ್ದು ಮಾರಲು ಪೇಟೆಯ ಮಂಡಿಗೆ. ಇನ್ನೊಂದು ಪಕ್ಕದಲ್ಲಿ, ಗುದ್ದಲಿ ತಾಗಿ ಒಡೆದದ್ದು, ಹುಳು ಕೊರೆದದ್ದು, ಮಳೆಗೆ ನೆನೆದು ಕಪ್ಪಾದದ್ದು, ಮುರುಟಿದ್ದು, ಮೊಳಕೆ ಬಂದದ್ದು. ಅದು ಮನೆಗೆ. ಯಾರೂ ಕೂತು ಮಾಡಿದ ಕಾನೂನಲ್ಲ ಇದು. ಮಾರುವ ರಾಶಿಯಲ್ಲಿ ಒಂದು ಕಪ್ಪು ಕಾಯಿ ಕಂಡರೆ ಮಾನ ಹೋಯಿತೆಂದು ಕಿತ್ತೆಸೆಯುವ ಕೈಯೇ, ಆ ಕಪ್ಪು ಕಾಯನ್ನು ತನ್ನ ಮಕ್ಕಳ ರಾಶಿಗೆ ಎಸೆಯುತ್ತದೆ. ಆ ಕೈಗೆ ಇದು ತಪ್ಪು ಎಂದು ಒಂದು ಸಲವೂ ಅನ್ನಿಸುವುದಿಲ್ಲ.

ಮಾಯಮ್ಮ ವಾಡೆಯ ಮುಚ್ಚಳ ತೆಗೆದಳು. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಒಂದು ಮೊರ ಕಾಯಿ ತೋಡಿ ಜಗಲಿಯ ಬೆಳಕಿಗೆ ತಂದು, ಒಂದನ್ನು ಒಡೆದಳು. ಬೀಜದ ಮೇಲೆ ಹಸಿರು ಪುಡಿ ಕೂತಿತ್ತು. ಇನ್ನೊಂದು ಒಡೆದಳು. ಬೀಜ ಮುರುಟಿ ಕಂದಾಗಿತ್ತು. ಮತ್ತೊಂದರಲ್ಲಿ ಬಿಳಿ ಎಳೆಎಳೆಯಾಗಿ ಬೂಷ್ಟು.

"ಇದನ್ನ ತಿನ್ಸಿದ್ಯೇನೆ ಮಗೂಗೆ?" ಅವಳ ದನಿ ಬೀದಿಗೆ ಕೇಳಿತು. "ಇದನ್ನಾ?"

"ಇನ್ಯಾವುದ್ನ ತಿನ್ಸ್ಲಿ?" ಯಶೋದಳ ದನಿ ಅದಕ್ಕಿಂತ ಜೋರಾಗಿತ್ತು. "ಕಣ್ಣಿಗೆ ಕಾಣೋ ಬೂಷ್ಟೆಲ್ಲ ತೆಗ್ದೇ ಹುರ್ದೆ. ಈ ಮನೇಲಿ ನಮಗೆ ಅಂತ ಇರೋದು ಇದೇ. ನಾವೆಲ್ಲ ತಿನ್ನೋದೂ ಇದೇ. ನೀನು ಕಳ್ಳೆಕಾಯಿ ಅಂದೆ, ಯಾವ ಕಳ್ಳೆಕಾಯಿ ಅಂತ ಹೇಳಿದ್ಯಾ?"

ಮಾಯಮ್ಮ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದಳು. ಹೌದು, ಹೇಳಿರಲಿಲ್ಲ.

"ಅದ್ಕೇನೀಗ?" ಅಂದರು ಪುಟ್ಟತಾಯಮ್ಮ. "ವಸಿ ಬೂಷ್ಟು ಇದ್ರೆ ಏನಾಯ್ತದೆ? ಉರ್ದ್ರೆ ಓಯ್ತದೆ. ಬೆಂಕಿ ಮುಂದೆ ಯಾವ ಇಸ ನಿಂತದು?"

"ಬೂಷ್ಟು ಸಾಯ್ತದೆ ಅತ್ತೆ. ಅದು ಕಾಳಿನೊಳಕ್ಕೆ ಬಿಟ್ಟಿರೋ ವಿಷ ಸಾಯಲ್ಲ. ಹುರಿದ್ರೂ ಪೂರ್ತಿ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ. ಅದಕ್ಕೆ ಬಣ್ಣ ಇಲ್ಲ. ಮೇಲಿನ ಬೂಷ್ಟು ಒರೆಸಿಬಿಟ್ರೆ ಕಾಳು ಚೆನ್ನಾಗೇ ಕಾಣ್ತದೆ, ವಿಷ ಒಳಗೇ ಇರ್ತದೆ. ಕುರಿ ಕುಯ್ದಾಗ ಈಲಿ ಅಂತ ತೆಗೀತೀರಲ್ಲ, ಲಿವರ್ರು, ಅದು ನಮಗೂ ಇದೆ. ಈ ವಿಷ ನೇರ ಅಲ್ಲಿಗೆ ಹೋಗಿ ಕೂರ್ತದೆ. ಜಾಸ್ತಿ ಹೋದ್ರೆ ವಾಂತಿ, ಕಾಮಾಲೆ. ಸ್ವಲ್ಪ ಸ್ವಲ್ಪ ದಿನಾ ಹೋದ್ರೆ ಇನ್ನೂ ಕೆಟ್ಟದ್ದು. ದೊಡ್ಡವರಿಗೆ ಎಷ್ಟೋ ವರ್ಷ ಗೊತ್ತೇ ಆಗಲ್ಲ. ಮಕ್ಕಳು ಬೆಳೆಯೋದು ನಿಂತೋಗ್ತದೆ."

"ಅಂಗಾರೆ ಬುಡು, ಅಸೀಗೆ ಆಕ್ತೀನಿ."

"ಹಸು ತಿಂದ್ರೆ ಹಾಲಲ್ಲಿ ಬರ್ತದೆ. ಆ ಹಾಲು ಯಾರು ಕುಡಿಯೋದು? ಗಾಣಕ್ಕೆ ಹಾಕಿದ್ರೂ ಅಷ್ಟೇ, ಹಿಂಡೀಲಿ ಉಳೀತದೆ. ಆ ಹಿಂಡಿ ತಿಂದ ಹಸುವಿನ ಹಾಲನ್ನ ಡೈರಿಗೆ ಹಾಕಿದ್ರೆ ಊರಿಗೆಲ್ಲ ಹಂಚಿದಂಗೆ."

"ಓಹೋ! ಮನ್ಸ ತಿನ್ನಂಗಿಲ್ಲ, ದನ ತಿನ್ನಂಗಿಲ್ಲ. ಬೆಳ್ದಿದ್ದನ್ನೆಲ್ಲ ಮಣ್ಣಿಗೆ ಆಕು ಅನ್ನು!" ಪುಟ್ಟತಾಯಮ್ಮ ಅನುವನ್ನು ಕೆಳಗಿಳಿಸಿ ಎದ್ದು ನಿಂತರು. "ಮದ್ವೆ ಆಗಿ ಬಂದಾಗಿಂದ ಇದ್ನೆ ತಿಂದ್ಕಂಡು ಬಂದಿವ್ನಿ. ಸತ್ತಿದ್ದೀನಾ?"

ಆಗ ಹೊರಗೆ ಟೆಂಪೋ ಹಾರನ್ ಕೇಳಿತು.

ನಿಂಗರಾಜು ಒಳಗೆ ಬಂದ. ಅವನ ಹಿಂದೆ ಟೆಂಪೋದ ಲೋಕೇಶ. ಪಡಸಾಲೆಯ ಗೋಡೆಗೆ ಕಡಲೆಕಾಯಿ ಮೂಟೆಗಳನ್ನು ಒರಗಿಸಿಟ್ಟಿದ್ದರು. ಬಿತ್ತನೆಯದು ಅಟ್ಟದಲ್ಲಿತ್ತು. ಇವು ಮಂಡಿಯವು. ಬಾಯಿ ಹೊಲಿದು ಆಗಿತ್ತು. ನಾಗಮಂಗಲಕ್ಕೆ ಹೊರಟಿದ್ದವು.

"ನಿಂಗರಾಜು, ಒಂದು ಮೂಟೆ ನಿಲ್ಸು," ಅಂದಳು ಮಾಯಮ್ಮ. "ಮನೆಗೆ ಬೇಕು. ಅನುಗೆ."

"ಒಲ್ದು ಆಗದೆ ಮಾಯಕ್ಕ. ಮಂಡಿಗೆ ಮಾತು ಕೊಟ್ಟಿವ್ನಿ."

"ಮಗಳಿಗೆ?"

"ಮಗಳಿಗೆ ಡಬ್ಬ ತತ್ತೀನಿ. ಇದ್ನ ಮಾರಿದ್ರೆ ತಾನೆ ಡಬ್ಬ ಬರೋದು?"

"ಡಬ್ಬದ ಮೇಲೆ ಏನು ಬರ್ದವ್ರೆ ಅಂತ ಓದಿದ್ದೀಯಾ? ಹುರಿದ ಧಾನ್ಯ, ಸಕ್ಕರೆ, ಬಣ್ಣ. ನಿನ್ನ ಹೊಲದ ಒಂದು ಹಿಡಿ ಕಳ್ಳೆಬೀಜದಲ್ಲಿರೋ ಸತ್ವ ಆ ಚಿಟಿಕೇಲಿ ಇಲ್ಲ. ಒಳ್ಳೇದನ್ನ ಮಾರಿ, ಸಕ್ಕರೆ ತಂದು, ಬೂಷ್ಟನ್ನ ತಿಂತಾ ಇದ್ದೀರಿ. ಇದು ಯಾವ ಲೆಕ್ಕ?"

"ಅಕ್ಕ, ನೀನು ಬಸ್ಸು ಇಳ್ದು ಬಂದು ಮಾತಾಡ್ತೀಯ. ಮಂಡೀಲಿ ಮಾನ ಓದ್ರೆ ಮುಂದ್ಲ ಸಲ ನನ್ನ ಕಾಯಿ ಮುಟ್ಟೋರಿಲ್ಲ. ಲೋ ಲೋಕೇಶ, ಎತ್ಲಾ ಮೂಟೆಯ."

ಲೋಕೇಶ ಬಗ್ಗಿದ. ಅಷ್ಟರಲ್ಲಿ ಯಶೋದ ಸೂರಿಗೆ ಸಿಕ್ಕಿಸಿದ್ದ ಕುಡುಗೋಲನ್ನು ಎಳೆದುಕೊಂಡು ಬಂದಿದ್ದಳು. ಲೋಕೇಶ ಬಗ್ಗಿದಷ್ಟೇ ಬೇಗ ಹಿಂದಕ್ಕೆ ಸರಿದ. ಯಶೋದ ಮುಂದಿನ ಮೂಟೆಯ ಹೊಲಿಗೆಗೆ ಕುಡುಗೋಲು ಹಾಕಿ ಒಂದೇ ಎಳೆತಕ್ಕೆ ಸೀಳಿದಳು. ಮೂಟೆ ಬಾಯಿಬಿಟ್ಟು, ಬಿಳಿ ಕಾಯಿ ಪಡಸಾಲೆ ತುಂಬ ಸುರಿಯಿತು.

"ತಲೆ ಕೆಟ್ಟದೇನೆ ನಿಂಗೆ!" ನಿಂಗರಾಜು ಕೂಗಿದ.

"ಇಷ್ಟು ದಿನ ಕೆಟ್ಟಿತ್ತು!" ಕುಡುಗೋಲು ಅವಳ ಕೈಯಲ್ಲೇ ಇತ್ತು. "ಬಿತ್ತಿದ್ದು ನಾನು. ಕಳೆ ಕಿತ್ತಿದ್ದು ನಾನು. ಮಳೇಲಿ ಟಾರ್ಪಾಲು ಹಿಡ್ಕಂಡು ನಿಂತಿದ್ದು ನಾನು. ಒಂದೊಂದೇ ಕಾಯಿ ಆರ್ಸಿ, ಒಳ್ಳೇದನ್ನೆಲ್ಲ ಈ ಕೈಯಲ್ಲೇ ಮೂಟೆಗೆ ತುಂಬ್ದೆ. ಯಾರೋ ಕಾಣದೋರು ಇದನ್ನ ತಿಂತಾರೆ. ನನ್ನ ಮಗಳು ಬೂಷ್ಟು ತಿಂದು ಆಸ್ಪತ್ರೇಲಿ ಮಲಗ್ತಾಳೆ. ಆಮ್ಯಾಕೆ ಬೋರ್‌ವೆಲ್ ತಾವ ನಾನು ಮಗೂನ ಸಾಯ್ಸೋಳು ಅನ್ನಿಸ್ಕತೀನಿ!"

ಲೋಕೇಶ ಮೆಲ್ಲಗೆ, "ಅಣ್ಣಾ, ನಾನು ಒಂದು ಟೀ ಕುಡ್ಕಂಡು ಬರ್ಲಾ?" ಅಂದ.

"ಸುಮ್ಕೆ ನಿಂತ್ಕಳ್ಲಾ!" ಅಂದ ನಿಂಗರಾಜು.

ಪುಟ್ಟತಾಯಮ್ಮ ನೆಲಕ್ಕೆ ಕೂತು, ಚೆಲ್ಲಿದ ಕಾಯಿಯನ್ನು ಎರಡೂ ಕೈಯಿಂದ ಬಾಚತೊಡಗಿದರು. ಸೊಸೆಯನ್ನು ಬೈಯುತ್ತಲೇ ಬಾಚಿದರು. ಅನ್ನ ಚೆಲ್ಲಿದೋಳು, ಮನೆ ಮಾನ ತೆಗ್ದೋಳು, ಅಕ್ಕನ ಮಾತಿಗೆ ಕುಣಿಯೋಳು. ಬೈಯುತ್ತ ಬೈಯುತ್ತ, ಮನೆಕಾಯಿ ಬಾಚುವಾಗಿನ ರೂಢಿಯಂತೆ, ಒಂದು ಕಾಯಿ ಒಡೆದು ಬೀಜವನ್ನು ಬಾಯಿಗೆ ಹಾಕಿಕೊಂಡರು.

ಬೈಗುಳ ನಿಂತಿತು.

ಇನ್ನೊಂದು ಒಡೆದರು. ನಿಧಾನವಾಗಿ ಅಗಿದರು. ಆಮೇಲೆ ಜಗಲಿಯ ಮೇಲಿದ್ದ ಮೊರಕ್ಕೆ ಕೈ ಚಾಚಿ ವಾಡೆಯ ಒಂದು ಕಾಯಿ ಒಡೆದರು. ಮಾಯಮ್ಮ "ಬೇಡಿ ಅತ್ತೆ" ಅನ್ನುವಷ್ಟರಲ್ಲಿ ಬಾಯಿಗೆ ಹಾಕಿಕೊಂಡಿದ್ದರು. ಒಂದು ಸಲ ಕಚ್ಚಿ, ಕಹಿ ತಾಳದೆ ಅಂಗಳಕ್ಕೆ ಥೂ ಎಂದು ಉಗಿದು, ಸೆರಗಿನಿಂದ ನಾಲಿಗೆ ಒರೆಸಿಕೊಂಡರು.

"ನಿಂಗಾ," ಅಂದರು. "ಇವೆರಡೂ ಒಂದೇ ಒಲದವೇನ್ಲಾ?"

"ಊಂ ಕಣವ್ವ. ನಮ್ಮವೇ."

"ಒಲದಲ್ಲಿ ಕಿತ್ತಾಗ ಅಸಿ ಕಾಯಿ ತಿಂದಿವ್ನಿ. ಅದು ಬುಟ್ರೆ, ಒಣಗಿದ ಒಳ್ಳೆ ಕಾಯಿ ನನ್ನ ಬಾಯಿಗೆ ಬಿದ್ದಿದ್ದು ಇವತ್ತೇ ಕಣ್ಲಾ. ವರ್ಸೆಲ್ಲ ಕಯಿ ತಿಂದು, ಕಳ್ಳೆಕಾಯಿ ಅಂದ್ರೇನೆ ಕಯಿ, ಅದ್ಕೇ ಪಿತ್ತ ಅಂದ್ಕಂಡಿದ್ದೆ." ಅವರ ದನಿ ಏರುತ್ತ ಹೋಯಿತು. "ನಮ್ಮತ್ತೆ ಇದ್ನೆ ತಿಂದ್ಳು. ನಾನು ಬಸುರೀಲಿ ಇದ್ನೆ ತಿಂದೆ. ನಿಂಗೂ ಇದ್ನೆ ತಿನ್ಸ್ದೆ. ನಿಮ್ಮಪ್ಪ ಮೊರದ ಮುಂದೆ ಕೂತು ಒಂದೊಂದೇ ಆರ್ಸಿ ಸಂತೆಗೆ ತಗಂಡೋಗೋನು. ಸಂತೇಲಿ ಮಾನ ಉಳೀಬೇಕು ಅನ್ನೋನು. ನಮ್ಮ ಒಟ್ಟೆಗೆ ಮಾನ ಇರ್ನಿಲ್ವಾ?"

"ಅವ್ವ, ಅದಲ್ಲ, ಮಂಡಿಯೋರು..."

"ಮಂಡಿಯೋರು ಬಂದು ನಿನ್ನ ಕೂಸ್ನ ಸಾಕ್ತಾರೇನ್ಲಾ? ಈ ಮೂಟೆ ಈ ಮನೆದು. ಉಳಿದದ್ದು ನೀನು ಎಲ್ಲಿಗಾರ ಒತ್ಕಂಡೋಗು. ಓಗು!"

ನಿಂಗರಾಜು ಮೂಟೆಗಳನ್ನು ಹೇರಿಸಿಕೊಂಡು ಹೋದ. ಹೋಗುವಾಗ ಬಾಗಿಲನ್ನು ಎಳೆದ ರಭಸಕ್ಕೆ ಗೋಡೆಯ ಸುಣ್ಣ ಉದುರಿತು. ಆದರೆ ಸೀಳಿದ ಮೂಟೆ ಪಡಸಾಲೆಯಲ್ಲೇ ಉಳಿಯಿತು.

ವಾಡೆಯ ಕಾಯಿಯನ್ನೆಲ್ಲ ಅವತ್ತೇ ಹೊರಗೆ ತೆಗೆದರು. ತಿಪ್ಪೆಗೆ ಎಸೆದರೆ ಕೋಳಿ ಕೆದಕಿ ತಿನ್ನುತ್ತದೆಂದು, ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ ಮುಚ್ಚಿದರು. ವಾಡೆಯನ್ನು ತೊಳೆದು ಬಿಸಿಲಿಗೆ ಮಲಗಿಸಿದರು.

ಮರುದಿನ ಬೆಳಿಗ್ಗೆ ಮಾಯಮ್ಮ ಒರಳಿನ ಮುಂದೆ ತಂಗಿಯನ್ನು ಕೂರಿಸಿದಳು. ಪುಟ್ಟತಾಯಮ್ಮ ಕಂಬಕ್ಕೊರಗಿ, ತಪ್ಪು ಹುಡುಕಲೆಂದೇ ನೋಡುತ್ತಿದ್ದರು.

ಮೊದಲು ಬೀಜವನ್ನು ಮೊರದಲ್ಲಿ ಹರಡಿ ಮತ್ತೆ ಆರಿಸಿದರು. ಒಳ್ಳೆಯ ಮೂಟೆಯಲ್ಲೂ ಮುರುಟಿದ್ದು, ಬಣ್ಣ ಕೆಟ್ಟದ್ದು ಅಲ್ಲೊಂದು ಇಲ್ಲೊಂದು ಇರುತ್ತದೆ. ವಿಷದ ಹೆಚ್ಚಿನ ಪಾಲು ಇರುವುದು ಅಂಥ ಕಾಳುಗಳಲ್ಲೇ. ದಪ್ಪ ಬಾಂಡಲೆಯಲ್ಲಿ ಸಣ್ಣ ಉರಿಯಲ್ಲಿ, ಸಿಪ್ಪೆ ಬಿರಿದು ಘಮ ಬರುವ ತನಕ ಹುರಿದರು. ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೂರಿದರು. ಒಣಗಿದ ಒರಳಿಗೆ ಹಾಕಿ ರುಬ್ಬತೊಡಗಿದರು. ಮೊದಲು ಪುಡಿಯಾಯಿತು. ಆಮೇಲೆ ಗಂಟುಗಂಟಾಗಿ ರುಬ್ಬುಗುಂಡಿಗೆ ಅಂಟಿಕೊಂಡಿತು.

"ನೀರು ಆಕಮ್ಮಿ, ತಿರುಗಾಕಿಲ್ಲ ಅದು," ಅಂದರು ಪುಟ್ಟತಾಯಮ್ಮ.

"ನೀರು ಹಾಕಿದ್ರೆ ಚಟ್ನಿ ಆಗ್ತದೆ ಅತ್ತೆ, ಬೇಗ ಕೆಟ್ಟೋಗ್ತದೆ. ಇನ್ನೊಂಚೂರು ರುಬ್ಬೋಕೆ ಬಿಡಿ. ಅದರೊಳಗಿನ ಎಣ್ಣೆ ಅದೇ ಬಿಡ್ತದೆ."

ಯಶೋದಳ ಭುಜ ಸೋತರೂ ಕೈ ನಿಲ್ಲಿಸಲಿಲ್ಲ. ಗಂಟು ಮೆಲ್ಲಗೆ ಸಡಿಲವಾಯಿತು. ಎಣ್ಣೆ ಬಿಟ್ಟು, ಹೊಳೆಯುತ್ತ, ಒರಳಿನಲ್ಲಿ ಬೆಣ್ಣೆಯ ಹಾಗೆ ಮಡಚಿಕೊಳ್ಳತೊಡಗಿತು. ಚಿಟಿಕೆ ಉಪ್ಪು, ಪುಡಿ ಮಾಡಿದ ಒಣ ಬೆಲ್ಲ ಬೆರೆಸಿದರು. ಒಣಗಿದ ಭರಣಿಗೆ ತುಂಬಿ, ಒಣ ಚಮಚ ಇಟ್ಟರು. ಹಸಿ ಕೈ ತಾಗಿದರೆ ಇದಕ್ಕೂ ಬೂಷ್ಟು ಬರುತ್ತದೆ.

ಬಿಸಿ ರಾಗಿ ರೊಟ್ಟಿಯ ಒಂದು ಚೂರಿಗೆ ತೆಳ್ಳಗೆ ಸವರಿ, ಯಶೋದ ಮಗಳ ಮುಂದೆ ಹಿಡಿದಳು. ಅನು ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಳು. ಆ ಕಹಿ ಅವಳಿಗೆ ಮರೆತಿರಲಿಲ್ಲ. ಪುಟ್ಟತಾಯಮ್ಮ ಸೊಸೆಯ ಕೈಯಿಂದ ಚೂರನ್ನು ಕಿತ್ತುಕೊಂಡು, ಅರ್ಧ ತಾವು ತಿಂದು, ಅರ್ಧವನ್ನು ಮೊಮ್ಮಗಳ ತುಟಿಗೆ ತಾಗಿಸಿದರು. ಅನು ನಾಲಿಗೆಯ ತುದಿಯಲ್ಲಿ ಮುಟ್ಟಿ ನೋಡಿದಳು. ಆಮೇಲೆ ಅಜ್ಜಿಯ ಬೆರಳನ್ನೂ ಸೇರಿಸಿ ಕಚ್ಚಿದಳು.

"ಅಯ್ಯೋ, ಬೆಳ್ಳು ಕಣವ್ವ ಅದು!"

ಆದರೂ ಅವತ್ತು ಮಧ್ಯಾಹ್ನದ ತನಕ ಆ ಮನೆಯಲ್ಲಿ ಯಾರಿಗೂ ಬೇರೆ ಕೆಲಸ ಹತ್ತಲಿಲ್ಲ. ಮಗು ಕೆಮ್ಮಿದರೆ ಮೂವರೂ ಎದ್ದು ನಿಲ್ಲುತ್ತಿದ್ದರು. ಮಗು ಸುಮ್ಮನೆ ಕೂತರೆ ಯಶೋದ ಹಣೆ ಮುಟ್ಟುತ್ತಿದ್ದಳು. ಮೈ ತುರಿಕೆ, ತುಟಿ ಊತ, ಏದುಸಿರು ಏನಾದರೂ ಬಂದೀತೇ ಎಂದು ಮಾಯಮ್ಮ ಹತ್ತಿರದಲ್ಲೇ ಇದ್ದಳು. ಕೆಲವು ಮಕ್ಕಳಿಗೆ ಒಳ್ಳೆಯ ಕಡಲೆಬೀಜವೂ ಒಗ್ಗುವುದಿಲ್ಲ. ಅದಕ್ಕೇ ಮೊದಲ ದಿನ ಬೆರಳ ತುದಿಯಷ್ಟೇ ಕೊಟ್ಟು ನೋಡಬೇಕು, ಅಂಥದ್ದೇನಾದರೂ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಅನುಗೆ ವಾಂತಿಯಾಗಲಿಲ್ಲ. ಮೈ ಮೇಲೆ ಏನೂ ಏಳಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಭರಣಿಯ ಮುಂದೆ ನಿಂತು, "ಇನ್ನೂ" ಅಂದಳು.

ಒಂದು ದಿನದಲ್ಲಿ ಯಾವ ಮಗುವೂ ದಪ್ಪವಾಗುವುದಿಲ್ಲ. ಆಗುತ್ತದೆ ಎನ್ನುವವರು ಡಬ್ಬ ಮಾರುವವರು. ಅನುಗೆ ಬೆಳಿಗ್ಗೆ ರಾಗಿ ಗಂಜಿಗೆ ಒಂದು ಚಮಚ ಕಲಸಿ ಕೊಡತೊಡಗಿದರು. ಒಂದು ದಿನ ರೊಟ್ಟಿಗೆ, ಒಂದು ದಿನ ಕಿವುಚಿದ ಬಾಳೆಹಣ್ಣಿಗೆ. ಜೊತೆಗೆ ಸೊಪ್ಪು, ಬೇಳೆ, ಮೊಟ್ಟೆ, ಡೈರಿಗೆ ಹಾಕುವ ಮೊದಲು ಮನೆಗೆ ಎತ್ತಿಟ್ಟ ಹಾಲು. ಮಳೆಗಾಲ ಬರುವ ಹೊತ್ತಿಗೆ ಪಕ್ಕದ ಮನೆಯ ಮಗು ತಳ್ಳಿದರೆ, ಅನು ಎದ್ದು ಅದನ್ನು ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದಳು. ದೂರು ಹೇಳಲು ಬಂದ ಆ ಮಗುವಿನ ತಾಯಿಗೆ ಪುಟ್ಟತಾಯಮ್ಮ, "ಓಡ್ತಾಳಲ್ಲ, ಓಡ್ಲಿ ಬುಡು" ಅಂದರು.

ನಿಂಗರಾಜು ಕೆಲವು ದಿನ ಹೆಂಡತಿಯೊಂದಿಗೆ ಮಾತು ಬಿಟ್ಟಿದ್ದ. ಒಂದು ಬೆಳಿಗ್ಗೆ ಹೊಲಕ್ಕೆ ಹೊರಟವನು ತಟ್ಟೆಯ ಮುಂದೆ ಕೂತು, ರೊಟ್ಟಿ ಮುಗಿಸಿ, ಗೋಡೆಯ ಕಡೆ ನೋಡುತ್ತ, "ಇನ್ನೊಂದು ರೊಟ್ಟಿ ಬೇಕಾಗಿತ್ತು" ಅಂದ. ಯಶೋದ, "ಗೋಡೆ ರೊಟ್ಟಿ ಹಾಕಲ್ಲ" ಅಂದಳು. ಅಲ್ಲಿಗೆ ಮಾತು ಶುರುವಾಯಿತು.

ಬಿಸ್ಕತ್ತು ಮಾಡುವುದನ್ನು ಕಲಿತದ್ದು ಪುಟ್ಟತಾಯಮ್ಮ. ಎರಡು ಪಾಲು ರಾಗಿ ಹಿಟ್ಟನ್ನು ಬೆಚ್ಚಗೆ ಹುರಿದು, ಒಂದು ಪಾಲು ಕಡಲೆಬೀಜದ ಬೆಣ್ಣೆ, ಒಂದು ಪಾಲು ಬೆಲ್ಲದ ಪುಡಿ ಸೇರಿಸಿ, ಮುದ್ದೆಯಾಗುವಷ್ಟು ಹಾಲು ಹಾಕಿ ನಾದಿ, ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಬೇಕು. ದಪ್ಪ ತಳದ ಪಾತ್ರೆಗೆ ಮರಳು ಹಾಸಿ ಕಾಯಿಸಿ, ಮರಳಿನ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಬಿಸ್ಕತ್ತು. ಪಾತ್ರೆಗೆ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಕೆಳಗೆ ಸಣ್ಣ ಉರಿ. ಮೊದಲ ಸಲ ಉರಿ ಜಾಸ್ತಿಯಾಗಿ ತಳವೆಲ್ಲ ಸೀದುಹೋಯಿತು.

"ಇದು ಬಿಸ್ಕತ್ತೋ ಇದ್ಲೋ ಅವ್ವ?" ಅಂದ ನಿಂಗರಾಜು.

"ಮುಚ್ಕಂಡು ತಿನ್ಲಾ," ಅಂದರು ಅವರು. ಎರಡನೆಯ ಸಲ ಅಂಚು ಕೆಂಪಗೆ, ಒಳಗೆ ಮೆತ್ತಗೆ ಬಂದವು. ಆಮೇಲೆ ಬೀದಿಯ ಮಕ್ಕಳೆಲ್ಲ ಆ ಜಗಲಿಯನ್ನು ಬಿಡಲಿಲ್ಲ.

ಮುಂದಿನ ವರ್ಷದ ಕೊಯ್ಲಿನಲ್ಲಿ ಪುಟ್ಟತಾಯಮ್ಮ ತಮ್ಮ ಕಣದ ಕೆಲಸ ಮುಗಿಸಿ ಪಕ್ಕದ ಕರಿಯಪ್ಪನ ಕಣಕ್ಕೆ ಹೋದರು. ಅಲ್ಲಿ ಎರಡು ರಾಶಿ ಇತ್ತು. ಒಂದು ಬಿಳಿ, ಒಂದು ಕಪ್ಪು.

"ಕರಿಯಪ್ಪ, ಮನೆಗೆ ಯಾವುದ್ಲಾ?"

ಕರಿಯಪ್ಪ ಕಪ್ಪು ರಾಶಿಯನ್ನು ತೋರಿಸಿದ. "ಇದು ಕಣಕ್ಕ. ವಸಿ ನೆಂದದೆ ಅಷ್ಟೆ."

ಪುಟ್ಟತಾಯಮ್ಮ ಬಗ್ಗಿ ಆ ರಾಶಿಯಿಂದ ಒಂದು ಕಾಯಿ ತೆಗೆದು ಒಡೆದು, ಬೀಜವನ್ನು ಅವನ ಕೈಗಿಟ್ಟರು. ಹಸಿರು ಪುಡಿ ಅವನ ಅಂಗೈಗೆ ಅಂಟಿತು.

"ನೀನು ಮಂಡಿಗೆ ಕೊಡ್ತೀಯೇನ್ಲಾ ಇದ್ನ?"

"ಅಯ್ಯೋ, ಮುಖಕ್ಕೆ ಎಸೀತಾರೆ."

"ಮಂಡಿಯೋನು ನಿನ್ನ ಮುಖಕ್ಕೆ ಎಸೀತಾನೆ. ನಿನ್ನ ಮಕ್ಳಿಗೆ ಎಸೆಯಾಕೆ ಕೈ ಸಾಲ್ದು, ಅದ್ಕೆ ತಿಂತಾವೆ. ನಾಚ್ಕೆ ಆಗಾಕಿಲ್ವಾ ನಿಂಗೆ?"

ಕರಿಯಪ್ಪನಿಗೆ ಸಿಟ್ಟು ಬಂತು. "ನಮ್ಮ ಕಣಕ್ಕೆ ಬಂದು ನಂಗೇ ಬಯ್ತೀಯಲ್ಲಕ್ಕ" ಎಂದು ಗೊಣಗಿದ. ಪುಟ್ಟತಾಯಮ್ಮ ಕದಲಲಿಲ್ಲ. ಬಿಳಿ ರಾಶಿಯಿಂದ ಒಂದು ಮಂಕರಿ ತುಂಬಿ, ಅವನ ಹೆಂಡತಿಯ ತಲೆಗೆ ಎತ್ತಿ ಇಟ್ಟರು. "ಮನೆಗೆ ಒತ್ಕಂಡೋಗಮ್ಮಿ. ಇವ್ನು ಏನಾರ ಅಂದ್ರೆ ನನ್ನ ಕರಿ." ಅವಳು ಗಂಡನ ಮುಖ ನೋಡಲಿಲ್ಲ. ನೆಟ್ಟಗೆ ಮನೆಯ ಕಡೆ ನಡೆದಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ತಲೆಯಾಡಿಸಿ ಪಕ್ಕಕ್ಕಿಡಬೇಡಿ. ಎದ್ದು ಹೋಗಿ ನಿಮ್ಮ ಮನೆಯ ವಾಡೆಯ, ಡಬ್ಬದ, ಚೀಲದ ಬಾಯಿ ತೆಗೆದು ನೋಡಿ. ಮುಗ್ಗಲು ವಾಸನೆ ಬಂದರೆ, ಕಾಳು ಮುರುಟಿದ್ದರೆ, ಬಾಯಿಗೆ ಕಹಿಯಾದರೆ, ಅದನ್ನು ನೀವೂ ತಿನ್ನಬೇಡಿ, ಹಸುವಿಗೂ ಹಾಕಬೇಡಿ. ಹೂತುಬಿಡಿ. ಕಾಯಿ ಕಿತ್ತ ಮೇಲೆ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವ ತನಕ ಬಿಸಿಲಿಗೆ ಒಣಗಿಸಿ. ಚೀಲವನ್ನು ನೆಲದ ಮೇಲೆ ಇಡಬೇಡಿ, ಹಲಗೆಯ ಮೇಲಿಡಿ. ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸಬೇಡಿ, ಬೂಷ್ಟಿಗೆ ಅಷ್ಟು ನೀರೇ ಸಾಕು. ಚಿಕ್ಕ ಮಕ್ಕಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು, ಗಂಜಿಗೋ ರೊಟ್ಟಿಗೋ ಬೆರೆಸಿ ಕೊಡಿ. ತಿಂದ ಮೇಲೆ ಮಗುವಿಗೆ ಏನಾದರೂ ಆದರೆ ಪಿತ್ತ ಎಂದು ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ ಹೊಲದಲ್ಲಿ ಬೆಳೆದದ್ದರ ಮೊದಲ ಮೊರ ನಿಮ್ಮ ಮನೆಯ ಮಕ್ಕಳದ್ದು. ಅದು ಯಾರೋ ಕೊಡುವ ಭಿಕ್ಷೆಯಲ್ಲ, ಯಾರನ್ನೂ ಕೇಳಬೇಕಾದದ್ದೂ ಅಲ್ಲ. ಈ ಸಲ ಕಣದಲ್ಲಿ ಕಾಯಿ ಆರಿಸಲು ಕೂತಾಗ, ಯಾರಾದರೂ "ಮನೆಗೆ ಇಷ್ಟು ಸಾಕು ಬಿಡು" ಎಂದು ಕಪ್ಪು ರಾಶಿಯನ್ನು ತೋರಿಸಿದರೆ, ಸಿಟ್ಟು ಮಾಡಿಕೊಳ್ಳಿ. ಜೋರಾಗಿಯೇ ಮಾಡಿಕೊಳ್ಳಿ.